ಬೀಗರೂರು ವಿಜಯಪುರ, ಪಾಸಿಂಗ್ ಎಂಎಚ್ ಹತ್ತು

ಜತ್ತ ತಾಲ್ಲೂಕಿನ ಪೂರ್ವದ ಹಳ್ಳಿಗಳಲ್ಲಿ ಯಾರಾದರೂ ಹೊಸ ಕಾರಿನ ಮಾತೆತ್ತಿದರೆ ಕಟ್ಟೆಯ ಮೇಲೆ ಕೂತವರ ಮೊದಲ ಪ್ರಶ್ನೆ ಒಂದೇ: "ಪಾಸಿಂಗ್ ಎಲ್ಲೀದ ಮಾಡಸ್ತಿ?" ಉಮದಿ, ಸಂಖ ಕಡೆಯವರಿಗೆ ಸಾಂಗಲಿಗಿಂತ ವಿಜಯಪುರ ಹತ್ತಿರ. ದವಾಖಾನೆ, ಲಗ್ನದ ಬಟ್ಟೆ, ಬೀಗತನ ಎಲ್ಲವೂ ಆ ಕಡೆಗೇ. ಮನೆಮಾತು ಕನ್ನಡ, ಎಷ್ಟೋ ಊರುಗಳಲ್ಲಿ ಶಾಲೆಯೂ ಕನ್ನಡ. ಗುಡ್ಡಾಪುರದ ದಾನಮ್ಮದೇವಿಗೆ ಬರುವ ಗಾಡಿಗಳ ಸಾಲಿನಲ್ಲಿ ಕೆಎ 28 ಬೇಕಾದಷ್ಟು ಕಾಣುತ್ತವೆ. ಆದರೆ ಆಧಾರ್, ರೇಷನ್ ಕಾರ್ಡು, ಹೊಲದ ಸಾತಬಾರಾ ಉತಾರ ಎಲ್ಲ ಮಹಾರಾಷ್ಟ್ರದ್ದು. ವ್ಯವಹಾರದ ಕಾಲು ಒಂದು ರಾಜ್ಯದಲ್ಲಿ, ಕಾಗದದ ಕಾಲು ಇನ್ನೊಂದರಲ್ಲಿ. ಕಾರು ಕೊಳ್ಳಲು ಹೊರಟಾಗ ಇದು ಎದ್ದು ಕಾಣುತ್ತದೆ.

ಕಾನೂನಿನಲ್ಲಿ ಗೊಂದಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನಂತೆ ಮಾಲೀಕನ ವಾಸ ಅಥವಾ ವ್ಯವಹಾರ ಎಲ್ಲಿದೆಯೋ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಆ ರಾಜ್ಯದಲ್ಲಿ ನೋಂದಣಿ. 2019ರ ತಿದ್ದುಪಡಿಯ ಮೇಲೆ ಆ ರಾಜ್ಯದ ಯಾವ ಆರ್‌ಟಿಓ ಕಚೇರಿಯಾದರೂ ಆದೀತು. ಸಾಂಗಲಿಯ ಎಂಎಚ್ 10 ಬೇಡವೆಂದರೆ ಸೊಲ್ಲಾಪುರದ ಎಂಎಚ್ 13 ಇದೆ. ಗಡಿ ಮಾತ್ರ ದಾಟುವಂತಿಲ್ಲ.

ನಮ್ಮ ಮನೆಗೆ ಕಾರು ನೋಡಲು ವಿಜಯಪುರದ ಶೋರೂಮೊಂದಕ್ಕೆ ಹೋದಾಗ ಅಲ್ಲಿಯ ಹುಡುಗ ಬಹಳ ಅಕ್ಕರೆಯಿಂದ ಹೇಳಿದ: "ಸರ, ನಿಮ್ಮ ಬೀಗರದೋ ಅಣ್ಣತಮ್ಮರದೋ ಇಲ್ಲಿ ಅಡ್ರೆಸ್ ಇರ್ತದಲ್ರಿ, ಅದನ್ನ ಹಾಕಿ ಕೆಎ ಪಾಸಿಂಗ್ ಮಾಡಿ ಕೊಡ್ತೀನಿ, ನಿಮಗ ತ್ರಾಸ ಇಲ್ಲ." ತ್ರಾಸ ಯಾರಿಗಿಲ್ಲ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಎಕ್ಸ್‌ಶೋರೂಮ್ 9 ಲಕ್ಷದ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದ ರಸ್ತೆ ತೆರಿಗೆ ಶೇ. 11, ಅಂದರೆ 99,000 ರೂಪಾಯಿ, ಮೇಲೊಂದು ಸಣ್ಣ ಸೆಸ್. ಅದೇ ಕಾರಿಗೆ ಕರ್ನಾಟಕದಲ್ಲಿ ಶೇ. 14, ಅಂದರೆ 1,26,000. ಆ ತೆರಿಗೆಯ ಮೇಲೆ ಶೇ. 11ರ ಸೆಸ್ ಸೇರಿ 1,39,860. ಹತ್ತು ಲಕ್ಷ ದಾಟಿದರೆ ಅಂತರ ಇನ್ನೂ ಹಿಗ್ಗುತ್ತದೆ: ಕರ್ನಾಟಕದಲ್ಲಿ ದರ ಶೇ. 17ಕ್ಕೆ ಜಿಗಿಯುತ್ತದೆ, ಮಹಾರಾಷ್ಟ್ರದಲ್ಲಿ ಪೆಟ್ರೋಲಿಗೆ 12, ಡೀಸೆಲ್ಲಿಗೆ 14. ಸುಳ್ಳು ವಿಳಾಸಕ್ಕೆ ಹೆಚ್ಚು ಹಣ ಕೊಟ್ಟಂತೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬೇರೆ ರಾಜ್ಯದ ನಂಬರಿನ ಗಾಡಿ ಒಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ 47ನೇ ಕಲಮಿನಂತೆ ಅಲ್ಲಿಯ ನಂಬರು ಹಾಕಿಸಬೇಕು. ಫಾರ್ಮ್ 28ರಲ್ಲಿ ಎನ್‌ಓಸಿ ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ಹಿಂದೆ ಪಡೆಯಲು ಅರ್ಜಿ ಹಿಡಿದು ಅಲೆಯಬೇಕು.

ಹಾಗೆಂದು ವಿಜಯಪುರದ ಶೋರೂಮಿಗೆ ಕಾಲಿಡಬಾರದೆಂದೇನೂ ಇಲ್ಲ. ಗಾಡಿ ಅಲ್ಲಿ ಕೊಂಡು ಪಾಸಿಂಗ್ ಇಲ್ಲಿ ಮಾಡಿಸಬಹುದು. ಆಗ ಡೀಲರ್ ತಾತ್ಕಾಲಿಕ ನೋಂದಣಿ ಮಾಡಿಸಿ, ಮಾರಾಟದ ಪ್ರಮಾಣಪತ್ರವಾದ ಫಾರ್ಮ್ 21, ಗಾಡಿ ರಸ್ತೆಗೆ ಯೋಗ್ಯವೆಂದು ಕಂಪನಿ ಕೊಡುವ ಫಾರ್ಮ್ 22, ವಿಮೆ, ಬಿಲ್ಲು ಎಲ್ಲವನ್ನೂ ಕೈಗೆ ಕೊಡುತ್ತಾನೆ. ಫಾರ್ಮ್ 20 ತುಂಬಿ ಸಾಂಗಲಿಯ ಕಚೇರಿಗೆ ಹೋಗುವ ಕೆಲಸ ಕೊಂಡವನದು. ಸಾಂಗಲಿ, ಮಿರಜಗಳಲ್ಲಿ ಕೊಂಡರೆ ಈ ಓಡಾಟ ತಪ್ಪುತ್ತದೆ: ಡೀಲರ್ ಮತ್ತು ನೋಂದಣಿ ಒಂದೇ ರಾಜ್ಯದಲ್ಲಿದ್ದರೆ ಅರ್ಜಿ ಹಾಕುವ ಹೊಣೆಯನ್ನು 2019ರ ತಿದ್ದುಪಡಿ ಡೀಲರನಿಗೇ ವಹಿಸಿದೆ. ಗಡಿಯ ಊರಿನವನಿಗೆ ದೊಡ್ಡ ಲಾಭ ಬೇರೆಯೇ ಇದೆ. ಅವನ ಕೈಯಲ್ಲಿ ಎರಡು ರಾಜ್ಯದ ಎರಡು ಕೊಟೇಶನ್ ಇರುತ್ತವೆ, ಒಂದನ್ನು ತೋರಿಸಿ ಇನ್ನೊಂದನ್ನು ಇಳಿಸಬಹುದು. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೊಳ್ಳುವವರಿಗೆ ಈ ಸವಲತ್ತಿಲ್ಲ.

ಆದರೆ ಕೊಟೇಶನ್ ಬಿಡಿಬಿಡಿಯಾಗಿ ಬರೆದದ್ದಿರಬೇಕು. ಡೀಲರುಗಳಿಗೆ ಪ್ರಿಯವಾದದ್ದು 'ಆನ್‌ರೋಡ್ ಇಷ್ಟು' ಎಂಬ ಒಂದೇ ಅಂಕಿ. ಅದರೊಳಗೆ ನಾಲ್ಕು ಜನರ ಜೇಬಿದೆ: ಕಂಪನಿ, ಸರ್ಕಾರ, ವಿಮಾ ಕಂಪನಿ, ಡೀಲರ್. ಕಂಪನಿಯ ಎಕ್ಸ್‌ಶೋರೂಮ್ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅದರೊಳಗೆ ಜಿಎಸ್‌ಟಿ ಅಡಗಿದೆ. ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ರಸ್ತೆ ತೆರಿಗೆ ಕಾರಿನ ಬೆಲೆಯ ಮೇಲೆ ಕಟ್ಟುವಂಥದ್ದಾದ್ದರಿಂದ ಅದೂ ಜೊತೆಗೇ ಇಳಿಯಬೇಕು. ಕೊಟೇಶನ್ನಿನಲ್ಲಿ ಇಳಿದಿದೆಯೇ ನೋಡಿಕೊಳ್ಳಬೇಕು.

ಸರ್ಕಾರದ ಪಾಲಿನಲ್ಲಿ ಚೌಕಾಸಿಗೆ ಜಾಗವಿಲ್ಲ, ಆದರೆ ತಾಳೆ ನೋಡಲು ಇದೆ. ಸ್ವಂತ ಬಳಕೆಯ ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಸಾಲವಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಸೇರಿಸಲು 1,500, ಸ್ಮಾರ್ಟ್ ಕಾರ್ಡಿಗೆ 200. ಉಳಿದದ್ದು ತೆರಿಗೆ. ಕೊಟೇಶನ್ನಿನಲ್ಲಿ 'ಆರ್‌ಟಿಓ' ಎಂದು ಒಟ್ಟಾಗಿ ಬರೆದ ಮೊತ್ತದಿಂದ ಇವನ್ನು ಕಳೆದಾಗ ಮಿಗುವ ಸಾವಿರಗಳು ಯಾರ ಪಾಲಿನವು ಎಂದು ಕೇಳಿದರೆ ಎದುರಿಗಿದ್ದವನ ದನಿ ಸ್ವಲ್ಪ ತಗ್ಗುತ್ತದೆ. ವಾಹನ್ ಪೋರ್ಟಲ್ಲಿನಲ್ಲಿ ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಹುಟ್ಟುತ್ತದೆ. ಆ ರಸೀದಿ ಬೇಕೆಂದು ಮುಂಗಡ ಕೊಡುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಂಬರ್ ಪ್ಲೇಟಿಗೆಂದು ಬೇರೆ ಹಣ ಕೇಳಿದರೆ ಕೊಡಬೇಕಿಲ್ಲ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಕಂಪನಿಯೇ ಒದಗಿಸಬೇಕು. ಈ ಪ್ಲೇಟು ಬಂದ ಮೇಲೆ 4141 ನಂಬರನ್ನು ದೇವನಾಗರಿಯ 'ದಾದಾ' ಎಂದು ಓದಿಸುವ ಸಾಂಗಲಿ ಸೀಮೆಯ ಹಳೆಯ ಶೋಕಿಗೂ ಕಷ್ಟ ಬಂತು.

ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, 'ಎಸೆನ್ಶಿಯಲ್ ಕಿಟ್' ಎಂಬ ಸಾಲುಗಳು ಡೀಲರನ ಜೇಬಿನವು. ಸರ್ಕಾರದ ಶುಲ್ಕಪಟ್ಟಿಯಲ್ಲಿ ಅವುಗಳ ಹೆಸರಿಲ್ಲ. ನಮ್ಮ ಕೊಟೇಶನ್ನಿನಲ್ಲಿ ಒಂದು ಶೋರೂಮಿನವರು ಹ್ಯಾಂಡ್ಲಿಂಗ್ ಬರೆದಿದ್ದರು, ಇನ್ನೊಂದು ಕಡೆಯ ಕಾಗದದಲ್ಲಿ ಆ ಸಾಲೇ ಇರಲಿಲ್ಲ. ಎರಡನ್ನೂ ಮೇಜಿನ ಮೇಲೆ ಇಟ್ಟಾಗ ವಾದ ಮಾಡುವ ಪ್ರಸಂಗವೇ ಬರಲಿಲ್ಲ. ಮ್ಯಾನೇಜರ್ ಬಂದು ಪೆನ್ನಿನಿಂದ ಗೆರೆ ಎಳೆದ. ಆಕ್ಸೆಸರಿಯದೂ ಇದೇ ಹಾದಿ. ಮ್ಯಾಟು, ಸೀಟ್ ಕವರು, ಮಡ್‌ಫ್ಲಾಪು ಎಲ್ಲ 'ಫ್ರೀ' ಎಂದವರು ಅದರ ಬೆಲೆಯನ್ನು ರಿಯಾಯಿತಿಯಲ್ಲಿ ಹಿಡಿದಿರುತ್ತಾರೆ. ಫ್ರೀ ಬೇಡ, ಆ ಹಣವನ್ನೇ ಬಿಲ್ಲಿನಲ್ಲಿ ಇಳಿಸಿ ಎಂದರೆ ಬೆಲೆ ಹೊರಗೆ ಬರುತ್ತದೆ.

ಡೀಲರನ ದೊಡ್ಡ ಬಲವಿರುವುದು ಪಂಚಾಂಗದಲ್ಲಿ. ಮಹಾರಾಷ್ಟ್ರದಲ್ಲಿ ಮೂರೂವರೆ ಮುಹೂರ್ತವೆಂದು ಹೆಸರಾದ ಗುಡಿಪಾಡವಾ, ಅಕ್ಷಯ ತೃತೀಯಾ, ದಸರಾ, ದೀಪಾವಳಿ ಪಾಡ್ಯ ಬಂದರೆ ಶೋರೂಮಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮನೆಯ ಹಿರಿಯರು "ತಮ್ಮಾ, ಹಬ್ಬದ ದಿನ ಗಾಡಿ ಬಾಗಲ ಮುಂದ ಇರಬೇಕು ನೋಡು" ಅಂದುಬಿಟ್ಟರೆ ಚೌಕಾಸಿ ಅರ್ಧ ಸೋತಂತೆ. ಡೀಲರನ ರಾಜ್ಯದಲ್ಲೇ ನೋಂದಣಿಯಾಗುವ ಹೊಸ ಗಾಡಿಯನ್ನು ನಂಬರ್ ಹಾಕದೆ ಮಾಲೀಕನಿಗೆ ಒಪ್ಪಿಸಬಾರದೆಂದು 41ನೇ ಕಲಮು ಹೇಳುತ್ತದೆ. ಅಂದರೆ ತೆರಿಗೆ, ವಿಮೆ, ಅರ್ಜಿ ಎಲ್ಲ ಹಬ್ಬಕ್ಕೆ ಮುಂಚೆಯೇ ಆಗಬೇಕು. ಹಬ್ಬದ ಹಿಂದಿನ ದಿನ ಫೋನು ಮಾಡಿ "ಇನ್ನೊಂದಿಷ್ಟು ಹಣ ಬೇಕಾಗ್ತದ್ರಿ, ಇಲ್ಲಂದ್ರ ಡೆಲಿವರಿ ನಾಳೆ ಆಗೂದಿಲ್ಲ" ಎನ್ನುವವರಿದ್ದಾರೆ. ಅದಕ್ಕೇ ನಾವು ಮನೆಯಲ್ಲಿ ದಿನ ಹೇಳಿದೆವು, ಶೋರೂಮಿನಲ್ಲಿ ಹೇಳಲಿಲ್ಲ. ಲೆಕ್ಕವೆಲ್ಲ ಕಾಗದಕ್ಕೆ ಬಂದು ಸಹಿ ಬಿದ್ದ ಮೇಲೆ ಮುಹೂರ್ತದ ಮಾತು ತೆಗೆದದ್ದು.

ವಿಮೆಯಲ್ಲಿ ಉಳಿತಾಯ ಹೆಚ್ಚು, ಕೇಳುವವರು ಕಡಿಮೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಬಂದ ನಿಯಮ ಇದು. ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆ ಒಂದು ವರ್ಷದ್ದಾದರೂ ನಡೆಯುತ್ತದೆ. ಡೀಲರ್ ತೋರಿಸಿದ ವಿಮೆಯನ್ನೇ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಸ್ಪಷ್ಟವಿದೆ. ಹೊರಗಿನ ಕೊಟೇಶನ್ನಿನೊಂದಿಗೆ ಹೋಲಿಸುವಾಗ ಪ್ರೀಮಿಯಂ ಒಂದನ್ನೇ ನೋಡಿದರೆ ಸಾಲದು, ಐಡಿವಿ, ಅಂದರೆ ವಿಮೆಯ ಲೆಕ್ಕಕ್ಕೆ ಗಾಡಿಯ ಬೆಲೆ, ಎಷ್ಟು ಹಿಡಿದಿದ್ದಾರೆ ನೋಡಬೇಕು. ಹೊಸ ಗಾಡಿಗೆ ಅದು ಶೋರೂಮ್ ಬೆಲೆಯ ಶೇ. 95ರ ಸುತ್ತ ಇರುತ್ತದೆ. ಅದನ್ನು ಇಳಿಸಿ ಅಗ್ಗವೆಂದು ತೋರಿಸುವುದು ಹಳೆಯ ಕೈಚಳಕ. ಹಳೆಯ ಕಾರು ಮಾರಿದವರು ಅದರ ನೋ ಕ್ಲೇಮ್ ಬೋನಸ್ ಪತ್ರ ಇಟ್ಟುಕೊಂಡಿದ್ದರೆ ಹೊಸದಕ್ಕೆ ತರಬಹುದು. ಅದು ಶೇ. 50ರವರೆಗೂ ಇರುತ್ತದೆ, ಮಾಲೀಕನಿಗೆ ಸೇರಿದ್ದು, ಗಾಡಿಗಲ್ಲ.

ದಾಳಿಂಬೆ, ದ್ರಾಕ್ಷಿ, ಬೇದಾಣೆ ಮಾರಿದ ಹಣ ಕೈಗೆ ಬಂದಾಗ ಕಾರು ಕೊಳ್ಳುವವರು ಇಲ್ಲಿ ಹೆಚ್ಚು. ನಗದು ತುಂಬಿದ ಚೀಲ ಹಿಡಿದು ಶೋರೂಮಿಗೆ ಹೋಗುವ ಕಾಲ ಹೋಯಿತು. 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪ್ಯಾನ್ ಬೇಕು. ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಆದಾಯ ತೆರಿಗೆಯ ಲೆಕ್ಕಕ್ಕೆ ಶೇ. 1 ಟಿಸಿಎಸ್ ಕಡಿಯುತ್ತಾರೆ. ಹನ್ನೆರಡು ಲಕ್ಷದ ಕಾರಿಗೆ 12,000. ಇದು ಕೊಂಡವನ ಪ್ಯಾನಿನಲ್ಲಿ ಜಮೆಯಾಗುವ ಹಣ. ಕೃಷಿ ಆದಾಯ ಮಾತ್ರ ಇರುವ ರೈತ ರಿಟರ್ನ್ ತುಂಬುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ಅದು ಅಲ್ಲೇ ಉಳಿದುಬಿಡುತ್ತದೆ. ಆ ವರ್ಷದ ಮಟ್ಟಿಗೆ ಒಂದು ರಿಟರ್ನ್ ಹಾಕಿದರೆ ಬ್ಯಾಂಕ್ ಖಾತೆಗೆ ಮರಳುತ್ತದೆ.

ಹೆಸರಿನ ತೊಡಕು ಗಡಿಯವರಿಗೆ ತಪ್ಪಿದ್ದಲ್ಲ. ಕನ್ನಡದ ಹೆಸರು ಮರಾಠಿ ದಾಖಲೆಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಇಳಿಯುವಷ್ಟರಲ್ಲಿ ಆಧಾರದಲ್ಲಿ ಒಂದು ರೂಪ, ಪ್ಯಾನಿನಲ್ಲಿ ಒಂದು ರೂಪ, ಉತಾರದಲ್ಲಿ ಮೂರನೆಯದು. ಆರ್‌ಸಿ, ವಿಮೆ, ಬ್ಯಾಂಕ್ ಸಾಲ ಮೂರರಲ್ಲೂ ಅಕ್ಷರ ಒಂದೇ ಇರಬೇಕು. ಬುಕಿಂಗ್ ಫಾರ್ಮನ್ನು ಸೇಲ್ಸಿನ ಹುಡುಗ ಕೇಳಿ ಕೇಳಿ ತುಂಬುವುದಕ್ಕಿಂತ ಆಧಾರ್ ನೋಡಿ ನಾವೇ ಬರೆದುಕೊಟ್ಟದ್ದು ಸುಲಭವಾಯಿತು.

ಗಾಡಿ ನೋಡುವಾಗ ಬಣ್ಣಕ್ಕಿಂತ ಮೊದಲು ಚಾಸಿಯ 17 ಅಕ್ಷರ-ಅಂಕಿಗಳ ಸಂಖ್ಯೆ ನೋಡಬೇಕು. ತಯಾರಾದ ವರ್ಷ, ತಿಂಗಳು ಅದರೊಳಗಿರುತ್ತವೆ. ಯಾವ ಜಾಗದಲ್ಲಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಕೇಳಿದರೆ ಹೇಳಬೇಕು. ಜನವರಿಯಲ್ಲಿ ಹಿಂದಿನ ವರ್ಷದ ಸ್ಟಾಕ್ ಕೊಟ್ಟರೆ ಮುಂದೆ ಮಾರುವಾಗ ಒಂದು ವರ್ಷ ಹಳೆಯದಾಗಿಯೇ ಹೋಗುತ್ತದೆ, ಏಕೆಂದರೆ ಆರ್‌ಸಿಯಲ್ಲಿ ಅಚ್ಚಾಗುವುದು ತಯಾರಿಯ ತಿಂಗಳು. ಟೈರಿನ ಮೇಲೂ ನಾಲ್ಕಂಕಿ ಇದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ತೆರಿಗೆ ಕಟ್ಟುವ ಮೊದಲು ಇದನ್ನೆಲ್ಲ ನೋಡಿದರೆ ಗಾಡಿ ಬದಲಿಸಿ ಕೇಳಬಹುದು. ಚಾಸಿ ನಂಬರು ವಾಹನ್‌ಗೆ ಹತ್ತಿದ ಮೇಲೆ ಕೇಳುವುದು ಕಷ್ಟ.

ವಿಜಯಪುರದಲ್ಲಿ ಕೊಂಡ ಮೇಲೆ ಜಗಳವಾದರೆ ಅಲ್ಲಿಯ ಕೋರ್ಟಿಗೆ ಅಲೆಯಬೇಕೇ ಎಂದು ಊರಿನಲ್ಲಿ ಬಹಳ ಜನ ಕೇಳುತ್ತಾರೆ. ಬೇಕಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯ್ದೆ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಬಿಡುತ್ತದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, ಅಂದರೆ ಜತ್ತದವರಿಗೆ ಸಾಂಗಲಿ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ಎಷ್ಟೋ ತಕರಾರು ಅಲ್ಲೇ ಇತ್ಯರ್ಥವಾಗುತ್ತವೆ. ಎರಡು ವರ್ಷ ದಾಟುವ ಮೊದಲು ದೂರು ಹೋಗಬೇಕು. ಜೊತೆಗೆ ಸಹಿ ಇರುವ ಕೊಟೇಶನ್, ಮುಂಗಡದ ರಸೀದಿ, ವಾಟ್ಸಾಪಿನ ಮಾತುಕತೆ ಇರಬೇಕು; ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಯಾವ ಆಯೋಗದ ಮುಂದೆಯೂ ಸಾಬೀತು ಮಾಡುವುದು ಸುಲಭವಲ್ಲ.

ಸಾಲ ತೆಗೆದವರಿಗೆ ಒಂದು ಕಾಗದ ಇನ್ನೂ ಬಾಕಿ ಇರುತ್ತದೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಅಳಿದಿದೆ ಎಂದುಕೊಳ್ಳಬಾರದು. ಬ್ಯಾಂಕಿನ ಸಹಿಯ ಫಾರ್ಮ್ 35 ಮತ್ತು ಎನ್‌ಓಸಿ ತಂದು ಆರ್‌ಟಿಓಗೆ ಕೊಡಬೇಕು, ಆಮೇಲೆ ವಿಮೆಯಲ್ಲೂ ಆ ಹೆಸರು ತೆಗೆಸಬೇಕು. ನಮ್ಮೂರಿನಲ್ಲಿ ಹಳೆಯ ಗಾಡಿ ಮಾರಲು ಹೊರಟವರು ಇದನ್ನು ನೆನೆಸಿಕೊಳ್ಳುವುದು ಗಿರಾಕಿ ಮುಂಗಡ ಹಿಡಿದು ಅಂಗಳಕ್ಕೆ ಬಂದ ದಿನ.