ಡಾಕ್ಟರಿಗೆ ಕಾಯಿಲೆಯ ಹೆಸರು ಹೇಳಬೇಡಿ, ಮೈಗೆ ಆಗುತ್ತಿರುವುದನ್ನು ಹೇಳಿ

ಹೊರರೋಗಿ ವಿಭಾಗದಲ್ಲಿ ಸರದಿ ಕಾಯುತ್ತಿರುವವರೂ ಅವರ ಜೊತೆ ಬಂದಿರುವ ಮನೆಯವರೂ ಒಳಗೆ ಹೋಗುವ ಮೊದಲು ಇದನ್ನು ಓದಲೇಬೇಕು.

ಮಾಡಬಾರದ್ದು

"ಗ್ಯಾಸ್ಟ್ರಿಕ್ ಆಗಿದೆ" ಎನ್ನಬೇಡಿ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನು ಹಿಡಿದುಕೊಳ್ಳುವುದು ಎಲ್ಲಕ್ಕೂ ನಮ್ಮಲ್ಲಿ ಇದೊಂದೇ ಹೆಸರು. ಹೃದಯಾಘಾತವೂ ಎಷ್ಟೋ ಸಲ ಹೀಗೆಯೇ ಶುರುವಾಗುತ್ತದೆ. ಎದೆಯ ನಡುವೆ ಭಾರ, ಬಿಗಿತ ಅಥವಾ ಬರೀ ಉರಿ ಇರಬಹುದು. ನೋವು ಎಡಗೈಗೋ ದವಡೆಗೋ ಹರಡಬಹುದು, ತಣ್ಣನೆಯ ಬೆವರು ಒಡೆಯಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಮಾತ್ರ ಕಾಣಿಸುವುದೂ ಉಂಟು. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯಲೇಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಇಸಿಜಿ ಆಗುವ ತನಕ ಅದು ಗ್ಯಾಸ್ಟ್ರಿಕ್ ಎಂದು ಯಾರೂ ತೀರ್ಮಾನಿಸಕೂಡದು.

"ತಲೆಸುತ್ತು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಕೋಣೆಯೇ ಗಿರ್ರನೆ ತಿರುಗಿತೋ? ಅದು ವರ್ಟಿಗೋ, ಹೆಚ್ಚಾಗಿ ಒಳಕಿವಿಯ ತೊಂದರೆ. ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟಿತೋ? ಬಿಪಿ ಇಳಿದಿರಬಹುದು. ಇದ್ದಕ್ಕಿದ್ದಂತೆ ಕಾಲು ತೂರಾಡಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಲಕ್ವವೆಂದೇ ತಿಳಿದು ಹೊರಡಿ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳದ ರಕ್ತ ಸವರಿಸಲು ಹೋಗಿ ಆ ಹೊತ್ತನ್ನು ಕಳೆದುಕೊಳ್ಳಬೇಡಿ.

ಜೊತೆಗೆ ಬಂದವರು ರೋಗಿಯ ಬಾಯಿಂದ ಮಾತು ಕಸಿಯಬೇಡಿ. ಫಿಟ್ಸ್ ಬಂದಿದ್ದರೆ ಮಾತ್ರ ಕಣ್ಣಾರೆ ಕಂಡವರೇ ಹೇಳಬೇಕು, ಏಕೆಂದರೆ ಆಗ ಏನಾಯಿತೆಂದು ರೋಗಿಗೆ ಗೊತ್ತಿರುವುದಿಲ್ಲ. ಯಾವ ಕೈಕಾಲು ಅದುರಿತು, ನಾಲಿಗೆ ಕಚ್ಚಿಕೊಂಡರೋ, ಎಷ್ಟು ನಿಮಿಷ ಇತ್ತು ಎಂಬುದನ್ನೆಲ್ಲ ಹೇಳಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. 5 ನಿಮಿಷ ದಾಟಿದರೂ ನಿಲ್ಲದಿದ್ದರೆ 108.

ಮಾಡಬೇಕಾದ್ದು

ಮನೆಯ ಮಾತಿನಲ್ಲೇ ಹೇಳಿ. ನೋವು ಚುಚ್ಚುತ್ತದೆಯೋ, ಹಿಂಡುತ್ತದೆಯೋ, ಸೆಳೆಯುತ್ತದೆಯೋ, ಜುಮ್ಮೆನ್ನುತ್ತದೆಯೋ ಹೇಳಿ, ಬೆರಳಿಟ್ಟು ತೋರಿಸಿ. ಇಷ್ಟು ನಿಖರವಾದ ಮಾತು ಬೇರೆಲ್ಲೂ ಸಿಗದು.

"ಒಳಜ್ವರ" ಎನ್ನುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಕೆಮ್ಮು ಎರಡು ವಾರ ದಾಟಿದ್ದರೆ ಅದನ್ನು ತಪ್ಪದೆ ತಿಳಿಸಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಗೂ ಔಷಧಕ್ಕೂ ದುಡ್ಡು ಕೊಡಬೇಕಿಲ್ಲ.

ನಾಚಿಕೆಯಿಂದ ಮುಚ್ಚಿಡುವ ವಿಷಯವನ್ನೇ ಮೊದಲು ಹೇಳಿ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದ್ದರಿಂದ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತಂದು ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಅದು ಒಂದೇ ಹನಿಯಾದರೂ ಹೇಳಲೇಬೇಕು, ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತವಾಗಬೇಕು. ಅಮ್ಮಂದಿರೇ, ಸಂಕೋಚವೆನಿಸಿದರೆ ಲೇಡಿ ಡಾಕ್ಟರನ್ನು ಕೇಳಿ, ಅಥವಾ ನರ್ಸಮ್ಮನ ಕಿವಿಯಲ್ಲಿ ಹೇಳಿ.

ಚೀಟಿಯಲ್ಲಿ ಡಿಸ್ಪ್ನಿಯ, ಎಡಿಮಾ, ಪೈರೆಕ್ಸಿಯ ಎಂದು ಬರೆದಿದ್ದರೆ ಹೊಸ ಕಾಯಿಲೆಗಳು ಬಂದವೆಂದು ಹೆದರಬೇಡಿ. ಅವು ಏದುಸಿರು, ಊತ, ಜ್ವರ ಅಷ್ಟೆ. ಅರ್ಥವಾಗದ ಪದದ ಅರ್ಥವನ್ನು ಡಾಕ್ಟರನ್ನೇ ಕೇಳಿ, ತಿಳಿದುಕೊಂಡ ಮೇಲೆಯೇ ಕುರ್ಚಿಯಿಂದ ಏಳಿ.