ಮೊಳ ಮಲ್ಲಿಗೆ ಹಿತ, ಬುಟ್ಟಿ ಮಲ್ಲಿಗೆ ಏಕೆ ತಲೆನೋವು?

ಪ್ರಶ್ನೆ: ಮುಡಿದ ಮಲ್ಲಿಗೆಯ ಪರಿಮಳ ಹಿತವಾಗಿರುತ್ತದೆ. ಮದುವೆ ಮನೆಯಲ್ಲಿ ಬುಟ್ಟಿಗಟ್ಟಲೆ ಹೂವಿಟ್ಟ ಕೋಣೆಗೆ ಹೋದರೆ ಮಾತ್ರ ತಲೆ ಹಿಡಿದಂತಾಗುತ್ತದೆ. ಅಲ್ಲೇ ಸ್ವಲ್ಪ ಹೊತ್ತು ಕೂತರೆ ವಾಸನೆಯೇ ತಿಳಿಯುವುದಿಲ್ಲ. ಹೀಗೇಕೆ?

ಉತ್ತರ: ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ರಾಸಾಯನಿಕವಿದೆ. ಮಲದಲ್ಲೂ ಇರುವುದು ಅದೇ. ಗಾಳಿಯಲ್ಲಿ ಎಳ್ಳಷ್ಟಿದ್ದರೆ ಹೂವಿನ ಕಂಪು, ದಟ್ಟವಾದರೆ ನಾತ.

ಮೂಗಿನೊಳಗೆ, ಮೇಲ್ಭಾಗದಲ್ಲಿ, ಸುಮಾರು 400 ಬಗೆಯ ವಾಸನಾಗ್ರಾಹಕಗಳಿವೆ. ಇವುಗಳ ಜೀನ್‌ಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ವಾಸನೆ ತೆಳುವಾಗಿದ್ದಾಗ ಅದಕ್ಕೆ ಬೇಗ ಸ್ಪಂದಿಸುವ ಕೆಲವೇ ಗ್ರಾಹಕಗಳು ಎಚ್ಚರಗೊಳ್ಳುತ್ತವೆ. ದಟ್ಟವಾದಾಗ ಅಷ್ಟು ಚುರುಕಲ್ಲದವೂ ಜೊತೆಗೂಡುತ್ತವೆ. ಹಾಗಾಗಿ ಮಿದುಳಿಗೆ ಮುಟ್ಟುವ ಸುದ್ದಿ ಜೋರಾಗುವುದಷ್ಟೇ ಅಲ್ಲ, ಸುದ್ದಿಯೇ ಬದಲಾಗುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಮಿದುಳಿನೊಳಗೂ ಕೆಲಸ ಹಂಚಿಹೋಗಿದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವಯಂಸೇವಕರಿಗೆ ಒಂದು ಸುವಾಸನೆ, ಒಂದು ದುರ್ವಾಸನೆಯನ್ನು ತೆಳುವಾಗಿಯೂ ದಟ್ಟವಾಗಿಯೂ ಮೂಸಲು ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಭಾವನೆಗಳ ಜೊತೆ ನಂಟಿರುವ ಅಮಿಗ್ಡಲ ಎಂಬ ಭಾಗ ವಾಸನೆಯ ತೀವ್ರತೆಗೆ ಸ್ಪಂದಿಸಿತು. ಹಿತವೋ ಅಹಿತವೋ ಎಂಬುದಕ್ಕೆ ಸ್ಪಂದಿಸಿದ್ದು ಕಣ್ಣುಗುಳಿಗಳ ಮೇಲಿರುವ ಮಿದುಳಿನ ಮುಂಭಾಗ. ಇನ್ನು ಮೆಣಸಿನಕಾಯಿ ಒಗ್ಗರಣೆಯಂಥ ಘಾಟನ್ನು ಮಿದುಳಿಗೆ ಒಯ್ಯುವುದು ಮುಖದ ಸ್ಪರ್ಶ, ನೋವುಗಳ ನರ. ತೀರಾ ದಟ್ಟವಾದ ಅನೇಕ ವಾಸನೆಗಳು ಅದನ್ನೂ ಕೆರಳಿಸುತ್ತವೆ; ನಿಮಗೆ ತಲೆ ಹಿಡಿದಂತಾಗಲು ಇದೂ ಕಾರಣವಿರಬಹುದು.

ಆಮೇಲೆ ವಾಸನೆ ತಿಳಿಯದಿರುವುದೇಕೆ? ಸ್ಪಂದಿಸಿದ ಕೋಶದೊಳಕ್ಕೆ ನುಗ್ಗುವ ಕ್ಯಾಲ್ಸಿಯಂ, ಆ ಕೋಶದ ಚುರುಕನ್ನೇ ತಗ್ಗಿಸುತ್ತದೆ. ಬದಲಾಗದೆ ಉಳಿದ ವಾಸನೆಯನ್ನು ಮಿದುಳೂ ಬದಿಗಿಡುತ್ತದೆ, ಹೊಸದಾಗಿ ಬಂದದ್ದನ್ನು ಹಿಡಿಯಲು. ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಮಲ್ಲಿಗೆ ಮತ್ತೆ ಮೂಗಿಗೆ ಬಡಿಯುತ್ತದೆ.

ಈ ಮರೆವು ಮಲ್ಲಿಗೆಯಲ್ಲಿ ನಿರುಪದ್ರವಿ, ಬೇರೆಡೆ ಪ್ರಾಣಕ್ಕೇ ಕುತ್ತು. ಮ್ಯಾನ್‌ಹೋಲ್, ಮಲಗುಂಡಿಗಳ ಹೈಡ್ರೋಜನ್ ಸಲ್ಫೈಡ್ ಅನಿಲ ತೆಳುವಾಗಿದ್ದರೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅಪಾಯದ ಮಟ್ಟಕ್ಕೇರಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ನಾತ ನಿಂತಿತೆಂದು ಯಾರನ್ನೂ ಗುಂಡಿಯೊಳಗೆ ಇಳಿಸಬೇಡಿ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಅದರ ವಾಸನೆ ಬಂದ ಕೂಡಲೇ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ವಾಸನೆ ಕಡಿಮೆಯಾದಂತೆ ಅನ್ನಿಸಿದರೂ ಸೋರಿಕೆ ನಿಂತಿದೆಯೆಂದು ನಂಬಬೇಡಿ.