ಗೆರೆಗೆ ಸೇರದ ಬಿಂದುವನ್ನು ಅಳಿಸಬೇಡಿ

ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳ ಪ್ರಯೋಗ ಪುಸ್ತಕಗಳನ್ನು ನೋಡುವಾಗ ಒಂದು ವಿಷಯ ನಮ್ಮ ಗಮನಕ್ಕೆ ಬಂತು. ಲೆಕ್ಕ ಚೆನ್ನಾಗಿ ಬಲ್ಲವರೂ ನಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಕೆಲವರಂತೂ ಗೆರೆಗೆ ಹೊಂದದ ಅಳತೆಯನ್ನು ರಬ್ಬರಿನಿಂದ ಅಳಿಸಿ, ಹೊಂದುವ ಅಂಕಿಯನ್ನು ಬರೆದುಬಿಡುತ್ತಾರೆ. ಹಾಗಾಗಿ ಈ ವರದಿಯಲ್ಲಿ ನಕ್ಷೆಯ ಪಾಠಕ್ಕೆ ಒಂದು ಪುಟ ಕೊಟ್ಟಿದ್ದೇವೆ.

ವಿದ್ಯಾರ್ಥಿಗಳೇ, ಹತ್ತನೇ ತರಗತಿಯ ಓಮ್‌ನ ನಿಯಮವನ್ನೇ ತೆಗೆದುಕೊಳ್ಳೋಣ. ಒಂದು ತಂತಿಯಲ್ಲಿ ವಿದ್ಯುತ್ ಪ್ರವಾಹ 0.1, 0.2, 0.3, 0.4, 0.5 ಆಂಪಿಯರ್ ಇದ್ದಾಗ ವಿಭವಾಂತರ ಕ್ರಮವಾಗಿ 0.5, 1.0, 1.9, 2.0, 2.5 ವೋಲ್ಟ್ ಬಂತು ಎಂದುಕೊಳ್ಳಿ.

ಅಕ್ಷ ಮತ್ತು ಪ್ರಮಾಣ: ಅಡ್ಡ ಅಕ್ಷದಲ್ಲಿ ಪ್ರವಾಹ, ಲಂಬ ಅಕ್ಷದಲ್ಲಿ ವಿಭವಾಂತರ ಇರಲಿ. ಹೆಸರಿನ ಜೊತೆ ಏಕಮಾನವನ್ನೂ ಬರೆಯಿರಿ. 1 ಸೆಂ.ಮೀ.ಗೆ 0.05 ಆಂಪಿಯರ್, 1 ಸೆಂ.ಮೀ.ಗೆ 0.2 ವೋಲ್ಟ್ ಇಟ್ಟರೆ ನಕ್ಷೆ ಹಾಳೆಯನ್ನು ಚೆನ್ನಾಗಿ ತುಂಬುತ್ತದೆ. 0.3 ಅಥವಾ 0.7ರಂಥ ಪ್ರಮಾಣ ಬೇಡ. ಸಣ್ಣ ಚೌಕ ಎಣಿಸುವಾಗ ತಪ್ಪಾಗುತ್ತದೆ.

ಗೆರೆ: ಬಿಂದುಗಳನ್ನು ಚೂಪಾದ ಪೆನ್ಸಿಲಿನಿಂದ ಗುರುತಿಸಿ. ರಂಗೋಲಿಯ ಚುಕ್ಕಿಗಳಂತೆ ಒಂದಕ್ಕೊಂದು ಜೋಡಿಸಬೇಡಿ. ಇಲ್ಲಿ ನಾಲ್ಕು ಬಿಂದುಗಳು ಮೂಲಬಿಂದುವಿನಿಂದ ಹೊರಟ ಒಂದೇ ಸರಳರೇಖೆಯ ಮೇಲಿವೆ. ಸ್ಕೇಲಿಟ್ಟು ಆ ರೇಖೆ ಎಳೆಯಿರಿ. ಮೂರನೆಯ ಬಿಂದು ಮೇಲೆ ಉಳಿಯುತ್ತದೆ, ಉಳಿಯಲಿ. ಅದಕ್ಕೊಂದು ವೃತ್ತ ಹಾಕಿ, ಆ ಅಳತೆಯನ್ನು ಮತ್ತೆ ತೆಗೆದುಕೊಳ್ಳಿ. ತಂತಿಯ ಜೋಡಣೆ ಸಡಿಲವಾಗಿರಬಹುದು, ಮುಳ್ಳನ್ನು ಓರೆಯಿಂದ ನೋಡಿರಬಹುದು. ಹಳೆಯ ಅಳತೆ, ಹೊಸ ಅಳತೆ ಎರಡನ್ನೂ ಪುಸ್ತಕದಲ್ಲಿ ಬರೆಯಿರಿ.

ಇಳಿಜಾರು: ರೇಖೆಯ ಮೇಲೆ ದೂರ ದೂರದ ಎರಡು ಬಿಂದುಗಳನ್ನು ಆರಿಸಿ. 0.08 ಆಂಪಿಯರ್‌ಗೆ 0.4 ವೋಲ್ಟ್, 0.48 ಆಂಪಿಯರ್‌ಗೆ 2.4 ವೋಲ್ಟ್. ವ್ಯತ್ಯಾಸ 2.0 ಭಾಗಿಸು 0.40, ಅಂದರೆ 5 ಓಮ್. ಇದೇ ತಂತಿಯ ರೋಧ. ಮೂರನೆಯ ಅಳತೆಯೊಂದನ್ನೇ ನಂಬಿದ್ದರೆ ಸುಮಾರು 6.3 ಓಮ್ ಬರುತ್ತಿತ್ತು. ಒಂದು ಅಳತೆಯ ತಪ್ಪಿನಿಂದ ನಮ್ಮನ್ನು ಕಾಪಾಡುವುದೇ ನಕ್ಷೆಯ ಉಪಯೋಗ.

ಈ ನಿಯಮ ಕೊಟ್ಟ ಗೇಯಾರ್ಗ್ ಓಮ್ ಜರ್ಮನಿಯಲ್ಲಿ ಬೀಗ ಮಾಡುವವರೊಬ್ಬರ ಮಗ, ಶಾಲಾ ಶಿಕ್ಷಕ. 1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ಸರಿಯಿರಲಿಲ್ಲ. ಅವರ ಬ್ಯಾಟರಿಯ ವಿದ್ಯುತ್ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅವರು ವಿದ್ಯುತ್ತಿನ ಮೂಲವನ್ನೇ ಬದಲಿಸಿ ಮತ್ತೆ ಅಳೆದರು, ಸೂತ್ರವನ್ನು ತಿದ್ದಿದರು. 1827ರ ಅವರ ಪುಸ್ತಕದಿಂದ ಬಂದ ನಿಯಮವನ್ನೇ ನಾವಿಂದು ಓದುತ್ತಿದ್ದೇವೆ.

ಅಂಕ ಬೇಕು ನಿಜ. ಆದರೆ ನಾಳೆ ನಿಮ್ಮಲ್ಲೊಬ್ಬರು ಲ್ಯಾಬಿನಲ್ಲಿ ರೋಗಿಯ ರಕ್ತ ಪರೀಕ್ಷಿಸಬಹುದು, ಇನ್ನೊಬ್ಬರು ಸೇತುವೆಯ ಭಾರ ಅಳೆಯಬಹುದು. ಕಂಡ ಅಂಕಿಯನ್ನು ಕಂಡಂತೆ ಬರೆಯುವ ಅಭ್ಯಾಸ ಇಂದಿನ ನಕ್ಷೆ ಹಾಳೆಯಿಂದಲೇ ಶುರುವಾಗಲಿ ಎಂಬುದು ನಮ್ಮ ಹಾರೈಕೆ.